ಸಹಾಯ ಬೇಕು: 'ಬ್ರೇಕ್‌ಡೌನ್' ಪದಕ್ಕೆ ಕನ್ನಡದಲ್ಲಿ ಏನು ಹೇಳಬಹುದು?

ಎಲ್ಲರಿಗೂ ನಮಸ್ಕಾರ. ಮನಸ್ಸಿನ ಆರೋಗ್ಯದ ಬಗ್ಗೆ ಒಂದು ಚಿಕ್ಕ ಕೈಪಿಡಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. 'ಬ್ರೇಕ್‌ಡೌನ್' ಅನ್ನುವ ಒಂದೇ ಪದದ ಹತ್ತಿರ ಎರಡು ದಿನದಿಂದ ನಿಂತಿದ್ದೇನೆ.

ಗಾಡಿ ವಿಷಯದಲ್ಲಿ ಕಷ್ಟವಿಲ್ಲ, 'ಕೆಟ್ಟು ನಿಂತಿತು' ಅಂದರೆ ಸಾಕು. ಮಾತುಕತೆಯಾದರೆ 'ಮುರಿದು ಬಿತ್ತು'. ಖರ್ಚಿನ ಬ್ರೇಕ್‌ಡೌನ್ ಅಂದರೆ ಯಾವುದಕ್ಕೆ ಎಷ್ಟು ಅನ್ನುವ ಬಿಡಿ ಲೆಕ್ಕ. ಇಲ್ಲಿ ಏನೂ ಕೆಟ್ಟಿಲ್ಲ, ಮುರಿದೂ ಇಲ್ಲ, ಸುಮ್ನೆ ಬಿಡಿಸಿ ತೋರಿಸುವುದು ಅಷ್ಟೇ.

ನನ್ನ ತೊಡಕು 'ನರ್ವಸ್ ಬ್ರೇಕ್‌ಡೌನ್'. ಇದು ವೈದ್ಯರು ಬರೆಯುವ ಕಾಯಿಲೆಯ ಹೆಸರಲ್ಲ, ಜನರ ಬಾಯಲ್ಲಿ ಬಂದ ಮಾತು. ಒತ್ತಡ ತಡೆಯಲಾಗದೆ ದಿನದ ಕೆಲಸವೂ ಮಾಡಲಾಗದ ಸ್ಥಿತಿ. 'ನರ ದೌರ್ಬಲ್ಯ' ಅಂತ ಬರೆದರೆ ಅರ್ಥವೇ ತಪ್ಪುತ್ತದೆ. 'ಹುಚ್ಚು' ಅನ್ನುವ ಛಾಯೆಯಂತೂ ಖಂಡಿತ ಬರಬಾರದು. ಓದುವವರು ಅದೇ ನೋವಿನಲ್ಲಿ ಇರಬಹುದು, ಅಲ್ವಾ? 'ಮನಸ್ಸು ಕುಸಿದು ಹೋಗುವುದು' ಅಂತ ಸದ್ಯಕ್ಕೆ ಹಾಕಿದ್ದೇನೆ. ಇದು ಸಹಜವಾಗಿ ಕೇಳಿಸುತ್ತದೆಯೇ? ಬರೀ ಬೇಸರ ಅಂತ ಅನಿಸಿಬಿಡುತ್ತದೆಯೇ?

ಇನ್ನೊಂದು ವಿಷಯ. ನಾಮಪದವಾದಾಗ ಕೂಡಿಸಿ ಬರೆಯುತ್ತಾರೆ, ಒತ್ತು 'ಬ್ರೇಕ್' ಮೇಲೆ. ಕ್ರಿಯಾಪದವಾದರೆ 'ಬ್ರೇಕ್ ಡೌನ್', ಎರಡು ಪದ. ಆಗ ಬಿಕ್ಕಿ ಬಿಕ್ಕಿ ಅಳುವುದು ಅನ್ನುವ ಅರ್ಥವೂ ಉಂಟು. ಕೈಪಿಡಿಯಲ್ಲಿ ಎರಡೂ ಒಂದೇ ಪುಟದಲ್ಲಿವೆ. ಎರಡಕ್ಕೂ 'ಕುಸಿ' ಬಳಸಿದರೆ ಗೊಂದಲವಾಗುತ್ತದೆ ಅನಿಸುತ್ತಿದೆ.

ಆಪ್ತಸಮಾಲೋಚನೆ ಮಾಡುವವರು, ಅನುವಾದಕರು ಯಾರಾದರೂ ಇದ್ದರೆ ನೀವು ನಿಜವಾಗಿ ಬಳಸುವ ಮಾತು ಯಾವುದು, ದಯವಿಟ್ಟು ತಿಳಿಸಿ. ಒಂದು ಪೂರ್ತಿ ವಾಕ್ಯದಲ್ಲಿ ಬರೆದು ತೋರಿಸಿದರೆ ಇನ್ನೂ ಉಪಕಾರವಾಗುತ್ತದೆ.