ಸಹಾಯ ಬೇಕು: ಕುದುರೆ ಕಾಲು ಇನ್ನೂ ಬೆಚ್ಚಗಿದೆ, ನಡೆಸಬಹುದಾ?

ನಮಸ್ಕಾರ. ನಮ್ಮದು ಕಡೂರು ಹತ್ತಿರ. ಮದುವೆ ಮೆರವಣಿಗೆಗೆ ಹೋಗೋ 8 ವರ್ಷದ ಹೆಣ್ಣು ಕುದುರೆ. 5 ವಾರದ ಹಿಂದೆ ಚರಂಡಿ ಕಲ್ಲಿನ ಮೇಲೆ ಜಾರಿ, ಮುಂದಿನ ಎಡಗಾಲಿನ ಹಿಂಬದಿ ಸ್ನಾಯುರಜ್ಜು (ಮಾಂಸಖಂಡನ ಮೂಳೆಗೆ ಜೋಡಿಸೋ ಗಟ್ಟಿ ನಾರು) ಬಾಳೆಕಾಯಿ ಥರ ಉಬ್ಬಿಕೊಳ್ತು. ಡಾಕ್ಟರ್ ನೋವಿಗೆ ಇಂಜೆಕ್ಷನ್ ಕೊಟ್ಟು, ಲಾಯದಲ್ಲೇ ಕಟ್ಟಿ ಅಂದ್ರು. ದಿನಕ್ಕೆರಡು ಸಲ 20 ನಿಮಿಷ ತಣ್ಣೀರು ಬಿಟ್ಟೆ, ಹತ್ತಿ ಇಟ್ಟು ಬ್ಯಾಂಡೇಜ್ ಸುತ್ತಿದೆ. ಹುರುಳಿ ನಿಲ್ಲಿಸಿ ಬರೀ ಹುಲ್ಲು ಹಾಕ್ತಿದ್ದೀನಿ (ಆ ಸಿಟ್ಟಿಗೆ ದಿನಾ ಬಕೆಟ್ ಒದೀತಾಳೆ).

ಈಗ ಕುಂಟೋದು ನಿಂತಿದೆ. ಆದ್ರೆ ಬೆರಳಿಟ್ಟು ನೋಡಿದ್ರೆ ಆ ಜಾಗ ಬಲಗಾಲಿಗಿಂತ ಬೆಚ್ಚಗಿದೆ. ನನಗೆ ಗೊತ್ತಾಗದೇ ಇರೋದು ಇದೇ. ಅಪ್ಪ "ಕುಂಟ್ತಿಲ್ವಲ್ಲ, ಓಡಿಸು" ಅಂತಾರೆ. ಒಳಗಿನ ಎಳೆ ಕೂಡೋಕೆ ತಿಂಗಳುಗಟ್ಟಲೆ ಬೇಕು ಅಂತಾರೆ ಡಾಕ್ಟರ್.

ಬಿಸಿ ಇರುವಾಗಲೇ ಹಗ್ಗ ಹಿಡಿದು ದಿನಾ 10 ನಿಮಿಷ ನಿಧಾನಕ್ಕೆ ನಡೆಸಬಹುದಾ? ಇಲ್ಲಾ, ಮೊದಲು ಹಾಸನದ ಪಶುವೈದ್ಯಕೀಯ ಕಾಲೇಜಲ್ಲಿ ತೋರಿಸಲೇಬೇಕಾ?