ಅಲರ್ಜಿ ಮಾತ್ರೆ ತಗೊಂಡ್ರೆ ಓದಿದ್ದು ತಲೆಗೆ ಹತ್ತಲ್ವಾ? ತಿಳಿದವರು ಹೇಳಿ

ಪ್ರಶ್ನೆ: ಮಗಳಿಗೆ 17 ವರ್ಷ, ದ್ವಿತೀಯ ಪಿಯುಸಿ. ಧೂಳಿನ ಅಲರ್ಜಿ, ಬೆಳಗಾದರೆ ಸಾಲು ಸೀನು. ರಾತ್ರಿ ಸೆಟಿರಿಜಿನ್ 10 ಮಿಗ್ರಾಂ ತಗೊಳ್ತಾಳೆ, ನೆಗಡಿ ಜೋರಾದರೆ ಮೆಡಿಕಲ್‌ನಲ್ಲಿ ಸಿಗುವ ಶೀತದ ಮಾತ್ರೆ. ನಿದ್ದೆ ಏನೂ ಬರಲ್ಲ ಅಂತಾಳೆ, ಆದರೆ ಓದಿದ್ದು ನಿಲ್ಲುತ್ತಿಲ್ಲ. ಮಾತ್ರೆಯದೇ ಕೆಲಸವಾ? ಏನು ಬದಲಿಸಬಹುದು?

ಔಷಧಶಾಸ್ತ್ರ ಬೋಧಕರು: ಮಾತ್ರೆಯ ಪಾತ್ರ ಇರಬಹುದು, ಆದರೆ ನಾನು ಮೊದಲು ಅನುಮಾನಿಸುವುದು ಶೀತದ ಮಾತ್ರೆಯನ್ನು. ಮೂಗಿನಲ್ಲಿ ಸೀನು ತರಿಸುವ ಹಿಸ್ಟಮಿನ್ನೇ ಮಿದುಳಿನಲ್ಲಿ ನರಸಂದೇಶವಾಹಕ. ಮಿದುಳಿನ ತಳದ ಹೈಪೊಥಲಾಮಸ್ ಎಂಬ ಭಾಗದ ಹಿಂದುಗಡೆ ಟ್ಯೂಬರೋಮ್ಯಾಮಿಲರಿ ಎಂಬ ಪುಟ್ಟ ನರಕೋಶಗುಂಪಿದೆ. ಎಚ್ಚರವಿದ್ದಾಗ ಅದು ಸತತವಾಗಿ ಮಿಡಿಯುತ್ತದೆ, ನಿದ್ದೆಯಲ್ಲಿ ಸುಮ್ಮನಾಗುತ್ತದೆ. ಅದರ ತಂತುಗಳು ಮಿದುಳಿನ ಹೊರಪದರ ಕಾರ್ಟೆಕ್ಸ್, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್, ಭಾವನೆಗೆ ಸಂಬಂಧಿಸಿದ ಅಮಿಗ್ಡಲಾಗಳಿಗೆಲ್ಲ ಹೋಗುತ್ತವೆ. ಅಲ್ಲಿ ಹಿಸ್ಟಮಿನ್ ಬಂದು ಕೂರುವ ಎಚ್1 ಗ್ರಾಹಕಗಳನ್ನು ಮಾತ್ರೆ ಮುಚ್ಚಿದರೆ ಗಮನ ಮಂಕಾಗುತ್ತದೆ, ಗಮನವಿಲ್ಲದೆ ಓದಿದ್ದು ನೆನಪಾಗಿ ಕೂರುವುದಿಲ್ಲ.

ಯಾವ ಮಾತ್ರೆ ಎಷ್ಟು ಮುಚ್ಚುತ್ತದೆ ಎಂಬುದನ್ನು ಜಪಾನಿನ ತೊಹೊಕು ವಿಶ್ವವಿದ್ಯಾಲಯದವರು ಪೆಟ್ ಸ್ಕ್ಯಾನ್ (ಮಿದುಳಿನೊಳಗಿನ ಚಟುವಟಿಕೆ ತೋರಿಸುವ ಚಿತ್ರಣ) ಮಾಡಿ ಅಳೆದಿದ್ದಾರೆ. ಶೀತದ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್‌ನ ಒಂದು ರೂಪವಾದ ಡಿ-ಕ್ಲೋರ್‌ಫೆನಿರಮಿನ್ 2 ಮಿಗ್ರಾಂಗೆ ಸುಮಾರು ಅರ್ಧದಷ್ಟು ಗ್ರಾಹಕಗಳು, ಸೆಟಿರಿಜಿನ್ 10 ಮಿಗ್ರಾಂಗೆ ಸುಮಾರು ಎಂಟನೇ ಒಂದು ಭಾಗ. ಇನ್ನೊಂದು ಅಲರ್ಜಿ ಮಾತ್ರೆ ಫೆಕ್ಸೊಫೆನಡಿನ್‌ಗೆ ಹೆಚ್ಚುಕಡಿಮೆ ಏನೂ ಇಲ್ಲ, ಅದು ಮಿದುಳಿನೊಳಗೆ ಹೋಗುವುದೇ ಇಲ್ಲ ಅನ್ನಬಹುದು. "ನಿದ್ದೆ ಬರಲ್ಲ" ಅನ್ನುವ ಮಾತನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ತೂಕಡಿಕೆ ಅನಿಸದವರಲ್ಲೂ ಪರೀಕ್ಷೆ ಮಾಡಿದರೆ ಪ್ರತಿಕ್ರಿಯೆ ನಿಧಾನವಾಗಿರಬಹುದು.

ಫಾರ್ಮಸಿಸ್ಟ್: ಆ ಶೀತದ ಮಾತ್ರೆಯ ಸ್ಟ್ರಿಪ್ ತಿರುಗಿಸಿ ಸಣ್ಣಕ್ಷರ ಓದಿ. ಪ್ಯಾರಾಸಿಟಮಾಲ್, ಫಿನೈಲೆಫ್ರಿನ್ ಜೊತೆಗೆ "ಕ್ಲೋರ್‌ಫೆನಿರಮಿನ್ ಮ್ಯಾಲಿಯೇಟ್ 2 ಮಿಗ್ರಾಂ" ಅಂತ ಬಹುತೇಕ ಇರುತ್ತದೆ. ಸೆಟಿರಿಜಿನ್ ಮೇಲೆ ಇದೂ ಬಿದ್ದರೆ ಎರಡು ಆಂಟಿಹಿಸ್ಟಮಿನ್ (ಹಿಸ್ಟಮಿನ್ ತಡೆಯುವ ಔಷಧಿ) ಆಯ್ತು. ದೊಡ್ಡವರಲ್ಲಿ ಕ್ಲೋರ್‌ಫೆನಿರಮಿನ್‌ನ ಅರ್ಧಾಯು, ಅಂದರೆ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಸುಮಾರು 20 ಗಂಟೆ. ರಾತ್ರಿ ನುಂಗಿದ್ದು ಮರುದಿನ ಬೆಳಗಿನ ಓದಿಗೂ ಅಡ್ಡ ಬರುತ್ತದೆ.

ಡಾಕ್ಟರ್ ಒಪ್ಪಿದರೆ ಫೆಕ್ಸೊಫೆನಡಿನ್ 120 ಮಿಗ್ರಾಂ, ದಿನಕ್ಕೊಂದು, ಬರೀ ನೀರಿನಲ್ಲಿ. ಕಿತ್ತಳೆ, ಸೇಬಿನ ಜ್ಯೂಸ್ ಜೊತೆ ತಗೊಂಡರೆ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. "ಈ ಮಾತ್ರೆ ಕೆಲಸ ಮಾಡಲ್ಲ" ಅನ್ನುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆಂಟಾಸಿಡ್‌ಗೂ ಇದಕ್ಕೂ 2 ಗಂಟೆ ಅಂತರ ಇರಲಿ. ಇನ್ನೊಂದು ಅಲರ್ಜಿ ಮಾತ್ರೆ ಬಿಲಾಸ್ಟಿನ್ 20 ಮಿಗ್ರಾಂ ಕೂಡ ಒಳ್ಳೆಯದು, ಆದರೆ ಊಟಕ್ಕೆ 1 ಗಂಟೆ ಮೊದಲು ಅಥವಾ 2 ಗಂಟೆ ನಂತರ. ಯಾವುದಕ್ಕೇ ಬದಲಿಸಿದರೂ ಪರೀಕ್ಷೆಗೆ ಎರಡು ಮೂರು ವಾರ ಮುಂಚೆಯೇ ಬದಲಿಸಿ.

ಇಎನ್‌ಟಿ ವಿಭಾಗದವರು: ದಿನಾ ಸೀನುವವರಿಗೆ ಮಾತ್ರೆಗಿಂತ ಫ್ಲೂಟಿಕಸೋನ್ ಅಥವಾ ಮೊಮೆಟಸೋನ್ ಎಂಬ ಸ್ಟೀರಾಯ್ಡ್ ಇರುವ ಮೂಗಿನ ಸ್ಪ್ರೇ ಮೇಲು. ತಲೆ ಸ್ವಲ್ಪ ಮುಂದೆ ಬಾಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿ ಕಣ್ಣಿನ ಹೊರಮೂಲೆಯ ಕಡೆಗೆ. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತದೆ. ಜೋರಾಗಿ ಎಳೆದರೆ ಔಷಧಿ ಗಂಟಲಿಗೆ ಇಳಿದು ವ್ಯರ್ಥ. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು, ಮೂರೇ ದಿನಕ್ಕೆ ಬಿಡಬೇಡಿ. ಇನ್ನೊಂದು: ಕಟ್ಟಿದ ಮೂಗಿನಿಂದ ಕೆಟ್ಟ ನಿದ್ದೆಯೂ ಮರೆವಿಗೆ ಕಾರಣ. ಹಾಗಾಗಿ ಚಿಕಿತ್ಸೆಯನ್ನೇ ನಿಲ್ಲಿಸುವುದು ಪರಿಹಾರವಲ್ಲ.

ಪ್ರಶ್ನೆ ಕೇಳಿದವರು: ಸ್ಟ್ರಿಪ್ ನೋಡಿದೆ, ಕ್ಲೋರ್‌ಫೆನಿರಮಿನ್ ಇದೆ. ಹಿಸ್ಟಮಿನ್ ಹೆಚ್ಚಾದರೆ ನೆನಪು ಹೆಚ್ಚುವುದಾದರೆ, ತಲೆಸುತ್ತಿಗೆ ಕೊಡುವ ಬೀಟಾಹಿಸ್ಟಿನ್ ಕೊಡಿಸಬಹುದಾ?

ನರವಿಜ್ಞಾನ ಸಂಶೋಧಕರು: ದಯವಿಟ್ಟು ಬೇಡ. ಹಿಸ್ಟಮಿನ್‌ನದೇ ಇನ್ನೊಂದು ಬಗೆಯ ಗ್ರಾಹಕ ಎಚ್3, ಮಿದುಳಿನಲ್ಲಿ ಹಿಸ್ಟಮಿನ್ ಬಿಡುಗಡೆಗೆ ಬ್ರೇಕು. ಬೀಟಾಹಿಸ್ಟಿನ್ ಆ ಬ್ರೇಕು ಸಡಿಲಿಸುತ್ತದೆ ನಿಜ. 2019ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ 38 ಜನರಿಗೆ ಕೊಟ್ಟು ನೋಡಿದ್ದರು, ಮರೆತಿದ್ದ ಚಿತ್ರಗಳಲ್ಲಿ ಕೆಲವು ಗುರುತು ಸಿಕ್ಕವು. ಆದರೆ ಪ್ರಯೋಜನ ಕಂಡದ್ದು ನೆನಪು ಕಡಿಮೆ ಇದ್ದವರಲ್ಲಿ, ಕಷ್ಟದ ಚಿತ್ರಗಳಲ್ಲಿ. ಕೊಟ್ಟಿದ್ದು 108 ಮಿಗ್ರಾಂ ಒಂದೇ ಸಲ. ತಲೆಸುತ್ತಿಗೆ ಇಡೀ ದಿನಕ್ಕೆ ಸಾಮಾನ್ಯವಾಗಿ 24ರಿಂದ 48. ಚಿತ್ರ ಗುರುತಿಸುವುದೇ ಬೇರೆ, ಭೌತಶಾಸ್ತ್ರದ ಲೆಕ್ಕ ಬಿಡಿಸುವುದೇ ಬೇರೆ.

"ಹಿಸ್ಟಮಿನ್ ಹೆಚ್ಚಿದಷ್ಟೂ ನೆನಪು" ಎಂಬ ಸಮೀಕರಣವೇ ನಿಲ್ಲುವುದಿಲ್ಲ. ಹಿಸ್ಟಮಿನ್ ತಯಾರಿಸುವ ಕಿಣ್ವವೇ ಇಲ್ಲದ ಇಲಿಗಳು ಹೊಸ ವಸ್ತು ಗುರುತಿಸುವಲ್ಲಿ ಹಿಂದೆ ಬಿದ್ದವು, ನೀರಿನ ತೊಟ್ಟಿಯಲ್ಲಿ ಅಡಗಿದ ಮೆಟ್ಟಿಲು ಹುಡುಕುವುದರಲ್ಲಿ ಮಾತ್ರ ಮುಂದೆ ಬಂದವು! ಯಾವ ಭಾಗ, ಯಾವ ಬಗೆಯ ಕಲಿಕೆ ಎಂಬುದರ ಮೇಲೆ ಫಲ ಬದಲಾಗುತ್ತದೆ.

ಕ್ಲೋರ್‌ಫೆನಿರಮಿನ್ ಇರುವ ಕೆಮ್ಮಿನ ಸಿರಪ್ ಬಗ್ಗೆಯೂ ಎಚ್ಚರ. ಟ್ಯೂಬರೋಮ್ಯಾಮಿಲರಿ ಭಾಗವನ್ನು ಹಾಳುಗೆಡವಿದ ಇಲಿಗಳಲ್ಲಿ ಮಿದುಳಿಗೆ ಹಿತ ಕೊಡುವ ವಿದ್ಯುತ್ ಪ್ರಚೋದನೆಯ ಸೆಳೆತ ಹೆಚ್ಚಾಯಿತು. ಅಂದರೆ ಹಿಸ್ಟಮಿನ್ ಹಿತದ ವ್ಯವಸ್ಥೆಗೆ ಕಡಿವಾಣದಂತೆಯೂ ಕೆಲಸ ಮಾಡುತ್ತದೆ. ಕ್ಲೋರ್‌ಫೆನಿರಮಿನ್ ಈ ಕಡೆ ಎಚ್1 ಮುಚ್ಚುತ್ತದೆ, ಆ ಕಡೆ ಹಿತದ ಅನುಭವಕ್ಕೆ ಸಂಬಂಧಿಸಿದ ಡೋಪಮಿನ್ ಎಂಬ ನರಸಂದೇಶವಾಹಕವನ್ನು ನರಕೋಶಗಳು ಮರಳಿ ಹೀರಿಕೊಳ್ಳುವುದನ್ನೂ ತುಸು ತಡೆಯುತ್ತದೆ. ಅಫೀಮು ಜಾತಿಯ ಕೊಡೀನ್ ಜೊತೆ ಸೇರಿದ ಸಿರಪ್‌ಗಳು ದುರ್ಬಳಕೆಯಾಗಲು ಮುಖ್ಯ ಕಾರಣ ಕೊಡೀನ್, ಆದರೆ ಆಂಟಿಹಿಸ್ಟಮಿನ್ ನಿರುಪದ್ರವಿ ಜೊತೆಗಾರನಲ್ಲ.

ಫಾರ್ಮಸಿಸ್ಟ್: ಮರೆತೆ, ಮಾಂಟೆಲುಕಾಸ್ಟ್ ಎಂಬ ಇನ್ನೊಂದು ಅಲರ್ಜಿ ಔಷಧಿ ಸೇರಿದ ಲಿವೊಸೆಟಿರಿಜಿನ್ ಮಾತ್ರೆಯನ್ನು ನೀವೇ ಕೊಡಿಸಬೇಡಿ. ಕೆಟ್ಟ ಕನಸು, ಸಿಡುಕು, ಖಿನ್ನತೆಯ ಅಪಾಯಕ್ಕಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಮಾಂಟೆಲುಕಾಸ್ಟ್‌ಗೆ ಅತಿ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿದೆ. ಡಾಕ್ಟರೇ ಬರೆದುಕೊಟ್ಟಿದ್ದರೆ ಮಗಳ ಮನಸ್ಸಿನ ಮೇಲೆ ಕಣ್ಣಿಟ್ಟಿರಿ, ಬದಲಾವಣೆ ಕಂಡರೆ ಅವತ್ತೇ ಅವರಿಗೆ ತಿಳಿಸಿ.