ಎಲ್ಕ್ ಬೇಟೆಗೆ ಮುನ್ನ ರೈಫಲ್ಲಿಗೆ ರಿಕಾಯಿಲ್ ಪ್ಯಾಡ್: ಸ್ಟಾಕಿನ ಮರ ಕತ್ತರಿಸಬೇಕೇ, ಬೇಡವೇ?

ಪ್ರಶ್ನೆ (ಡೆನ್ವರ್‌ನಿಂದ):

ಎಲ್ಲರಿಗೂ ನಮಸ್ಕಾರ. ಊರಿನಲ್ಲಿದ್ದಾಗ ಕೊಡಗಿನ ಕೈಲ್ ಪೊಳ್ದ್ ಹಬ್ಬದಂದು ತೆಂಗಿನಕಾಯಿಗೆ ಗುಂಡು ಹೊಡೆದದ್ದನ್ನು ಬಿಟ್ಟರೆ ಕೋವಿಯೊಡನೆ ನನಗೆ ಹೆಚ್ಚಿನ ಒಡನಾಟವಿರಲಿಲ್ಲ. ಕೊಲೊರಾಡೊಕ್ಕೆ ಬಂದು ಆರು ವರ್ಷಗಳಾದ ಮೇಲೆ, ಇಲ್ಲಿ ಕಡ್ಡಾಯವಾಗಿರುವ ಬೇಟೆಗಾರರ ತರಗತಿಯನ್ನು ಮುಗಿಸಿ, ಈ ವರ್ಷ ಮೊದಲ ಬಾರಿಗೆ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಯ ಪರವಾನಗಿ ಪಡೆದಿದ್ದೇನೆ. ಅಕ್ಟೋಬರ್ ಮಧ್ಯದಲ್ಲಿ ರೈಫಲ್ ಋತು ಆರಂಭವಾಗುತ್ತದೆ. ನನ್ನ ಕೈಯಲ್ಲಿ ಉಳಿದಿರುವುದು ಐದು ವಾರ.

ಸಹೋದ್ಯೋಗಿಯೊಬ್ಬರಿಂದ ಕೊಂಡ ಈ ರೈಫಲ್ 300 ವಿಂಚೆಸ್ಟರ್ ಮ್ಯಾಗ್ನಮ್ ತೋಟೆಯದು. ನಳಿಗೆಯನ್ನು ಹೊತ್ತಿರುವ ಸ್ಟಾಕ್ ವಾಲ್ನಟ್ ಮರದ್ದು, ಭುಜಕ್ಕೆ ಒತ್ತುವ ಅದರ ಹಿಂಭಾಗದ, ಅಂದರೆ ಬಟ್ಟಿನ, ತುದಿಯಲ್ಲಿ ಕಾಲು ಇಂಚು ದಪ್ಪದ ಗಟ್ಟಿ ಪ್ಲಾಸ್ಟಿಕ್ ತಟ್ಟೆ. ಕಳೆದ ಶನಿವಾರ ರೇಂಜಿನ ಬೆಂಚಿನಲ್ಲಿ ಕುಳಿತು ಹದಿನೈದು ಗುಂಡು ಹಾರಿಸಿದೆ. ಹತ್ತು ದಾಟುವಷ್ಟರಲ್ಲಿ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ ಶುರುವಾಗಿತ್ತು, ಮತ್ತು ಮರುದಿನ ನೋಡಿದರೆ ಭುಜದ ಮೇಲೆ ಆ ತಟ್ಟೆಯ ಅಂಚು ಅಚ್ಚೊತ್ತಿದಂತೆ ನೀಲಿಗಟ್ಟಿತ್ತು. ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುವ ಪೆಟ್ಟನ್ನು ಮೆತ್ತಗಾಗಿಸಲು ಬಟ್ಟಿಗೆ ಹಾಕುವ, ಒಂದು ಇಂಚು ದಪ್ಪದ ರಬ್ಬರ್ ರಿಕಾಯಿಲ್ ಪ್ಯಾಡ್ ತಂದಿಟ್ಟಿದ್ದೇನೆ. ಅದನ್ನು ಕೂರಿಸಿಕೊಡಲು ಹತ್ತಿರದ ಅಂಗಡಿಯವರು ನವೆಂಬರ್‌ವರೆಗೆ ಬಿಡುವಿಲ್ಲವೆಂದರು. ತಟ್ಟೆಯನ್ನು ಬಿಚ್ಚಿ ಪ್ಯಾಡನ್ನು ಅದರ ಜಾಗಕ್ಕೆ ನೇರವಾಗಿ ಬಿಗಿದರೆ ಸಾಲದೇ?

ಉತ್ತರ 1 (ಮೊಂಟಾನಾದಿಂದ, ಮರಗೆಲಸದ ಹವ್ಯಾಸಿ):

ಸಾಲದು ಎಂಬುದು ನನ್ನ ಅಭಿಪ್ರಾಯ. ಪ್ಯಾಡ್ ಎಷ್ಟು ಮೆತ್ತಗಿದೆ ಎಂಬುದರ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ಆದರೆ ಅದನ್ನು ಹಾಕಿದ ಮೇಲೆ ಕೋವಿಯ ಉದ್ದ ಎಷ್ಟಾಯಿತು ಎಂದು ಅಳೆದು ನೋಡುವವರು ಕಡಿಮೆ. ಟ್ರಿಗರಿನ ಮುಖದಿಂದ ಬಟ್ಟಿನ ನಡುಮಧ್ಯದವರೆಗಿನ ದೂರವನ್ನು ಈಗಲೇ ಅಳೆಯಿರಿ. ಕಾರ್ಖಾನೆಯಿಂದ ಬರುವ ರೈಫಲ್ಲುಗಳಲ್ಲಿ ಅದು ಸಾಮಾನ್ಯವಾಗಿ 13.5 ಇಂಚಿನ ಆಸುಪಾಸಿನಲ್ಲಿರುತ್ತದೆ. ನಿಮ್ಮದೂ ಅಷ್ಟೇ ಎಂದಿಟ್ಟುಕೊಂಡರೆ, ಕಾಲು ಇಂಚಿನ ತಟ್ಟೆ ತೆಗೆದು ಒಂದು ಇಂಚಿನ ಪ್ಯಾಡ್ ಹಾಕಿದಾಗ ಅದು 14.25 ಆಗುತ್ತದೆ. ಅದರ ಮೇಲೆ ಅಕ್ಟೋಬರ್ ಚಳಿಯ ದಪ್ಪ ಜಾಕೆಟ್ಟು, ಕಾನೂನು ಕೇಳುವ ಕಿತ್ತಳೆ ಬಣ್ಣದ ಮೇಲಂಗಿ. ಅಷ್ಟೆಲ್ಲ ತೊಟ್ಟು ಕೋವಿ ಎತ್ತುವಾಗ ಬಟ್ಟು ಕಂಕುಳಲ್ಲಿ ಸಿಕ್ಕಿಕೊಳ್ಳುತ್ತದೆ, ಭುಜದ ಗುಳಿಯಲ್ಲಿ ಕೂರಬೇಕಾದದ್ದು ತೋಳಿನ ಮೇಲೆ ಕೂರುತ್ತದೆ, ಆಗ ಎಂಥ ಮೆತ್ತನೆಯ ಪ್ಯಾಡ್ ಇದ್ದರೂ ಏಟು ತಪ್ಪದು.

ಆದ್ದರಿಂದ ಮೊದಲು ಬೇಟೆಗೆ ತೊಡುವ ಬಟ್ಟೆಯನ್ನೆಲ್ಲ ತೊಟ್ಟು, ಕೋವಿ ಖಾಲಿಯಿದೆ ಎಂದು ಎರಡು ಬಾರಿ ಖಚಿತಪಡಿಸಿಕೊಂಡು, ನಿಮಗೆ ಹೊಂದುವ ಉದ್ದವನ್ನು ಕಂಡುಕೊಳ್ಳಿ. ಅದು 13.25 ಎಂದಾದರೆ ಮರ 12.25ಕ್ಕೆ ನಿಲ್ಲಬೇಕು, ಅಂದರೆ ತಟ್ಟೆ ತೆಗೆದ ಮೇಲೆ 13.25 ಉಳಿಯುವ ಮರದಲ್ಲಿ ಒಂದು ಇಂಚನ್ನು ಕತ್ತರಿಸಬೇಕು. ಕತ್ತರಿಸುವ ಮುನ್ನ ಬೋಲ್ಟನ್ನು (ತೋಟೆಯನ್ನು ನಳಿಗೆಯೊಳಕ್ಕೆ ತಳ್ಳುವ ಭಾಗ) ತೆಗೆದಿಡಿ, ಸಾಧ್ಯವಾದರೆ ನಳಿಗೆಯನ್ನೂ ಸ್ಟಾಕಿನಿಂದ ಬಿಡಿಸಿಡಿ. ಗೆರೆಯ ಸುತ್ತ ಮಾಸ್ಕಿಂಗ್ ಟೇಪನ್ನು ಬಿಗಿಯಾಗಿ ಸುತ್ತಿ, ಸಣ್ಣ ಹಲ್ಲಿನ ಗರಗಸದಿಂದ, ಬಿಸಾಡುವ ತುಂಡಿನ ಕಡೆಯಲ್ಲಿ ಕೊಯ್ಯಿರಿ. ಗರಗಸದ ಅಲಗು ತಾನೂ ಒಂದಿಷ್ಟು ಮರವನ್ನು ತಿನ್ನುತ್ತದೆ. ಬಟ್ಟಿನ ಮೇಲ್ತುದಿಯಲ್ಲೂ ಕೆಳತುದಿಯಲ್ಲೂ ಹಳೆಯ ಅಂಚಿನಿಂದ ಅಷ್ಟೇ ದೂರ ಗುರುತಿಸಿದರೆ ಓರೆ ಬದಲಾಗುವುದಿಲ್ಲ. ಹಳೆಯ ಸ್ಕ್ರೂ ತೂತುಗಳು ಹೊಸ ಪ್ಯಾಡಿಗೆ ಹೊಂದುವುದು ಅಪರೂಪ. ಅವನ್ನು ಕೊರೆದು, ಗಟ್ಟಿ ಮರದ ಗೂಟಕ್ಕೆ ಎಪಾಕ್ಸಿ ಹಚ್ಚಿ ತುಂಬಿ, ಒಣಗಿದ ಮೇಲೆ ಹೊಸದಾಗಿ ಕೊರೆಯಿರಿ.

ಪ್ಯಾಡಿನ ರಬ್ಬರ್ ಮುಖದಲ್ಲಿ ತೂತು ಕಾಣದಿದ್ದರೆ ಗಾಬರಿಯಾಗಬೇಡಿ. ಹರಿತವಾದ ಚಾಕುವಿನ ಮೊನೆಯಿಂದ ಪುಟ್ಟ ಸೀಳು ಮಾಡಿ, ಸ್ಕ್ರೂವಿಗೂ ಸ್ಕ್ರೂಡ್ರೈವರಿನ ಸರಳಿಗೂ ವ್ಯಾಸಲೀನ್ ಸವರಿ ಒಳಗೆ ತೂರಿಸಿದರೆ, ಹೊರತೆಗೆದ ಮೇಲೆ ಸೀಳು ಮುಚ್ಚಿಕೊಂಡು ಗುರುತೇ ಉಳಿಯದು. ಸರಳು ದುಂಡಗಿರಲಿ; ಚೌಕದ ಸರಳು ರಬ್ಬರನ್ನು ಹರಿದುಹಾಕುತ್ತದೆ. ಬಳಿಕ ಮರದ ಅಂಚನ್ನು ಅನುಸರಿಸಿ ಪ್ಯಾಡಿನ ತಳದ ಮೇಲೆ ಸೂಜಿಯಿಂದ ಗೆರೆ ಗೀರಿ, ಬಿಚ್ಚಿ, ಬೆಲ್ಟ್ ಸ್ಯಾಂಡರಿನಲ್ಲಿ ಗೆರೆಯವರೆಗೆ ಉಜ್ಜಿ. ಕೆಳತುದಿಯಲ್ಲಿ ಮಾತ್ರ ನೇರವಾಗಿ ಉಜ್ಜದೆ, ಸ್ಟಾಕಿನ ಅಡಿಭಾಗದ ಗೆರೆ ಪ್ಯಾಡಿನಲ್ಲೂ ಮುಂದುವರಿಯುವಂತೆ ಓರೆಯಾಗಿ ಉಜ್ಜಬೇಕು. ಕೈಕೆಲಸದ ಅಂದ ಚಂದವೆಲ್ಲ ಗೊತ್ತಾಗುವುದು ಅಲ್ಲೇ. ಈ ಕೆಲಸವನ್ನು ಮನೆಯ ಹೊರಗೆ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮಾಡಿ. ನಾನು ಗ್ಯಾರೇಜಿನೊಳಗೆ ಮಾಡಿ, ಕಪ್ಪು ರಬ್ಬರಿನ ಧೂಳನ್ನು ತಿಂಗಳುಗಟ್ಟಲೆ ಒರೆಸಿದ್ದೇನೆ. ಕೊನೆಯದಾಗಿ, ಕೊಯ್ದ ಮರದ ಮುಖಕ್ಕೆ ಎರಡು ಸಲ ವಾರ್ನಿಷ್ ಬಳಿಯಲು ಮರೆಯಬೇಡಿ. ಇಲ್ಲವಾದರೆ ಹಿಮದ ನೀರನ್ನು ಅದು ಹೀರಿಕೊಳ್ಳುತ್ತದೆ.

ಉತ್ತರ 2 (ಪೊನ್ನಂಪೇಟೆಯಿಂದ):

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಮಾತೇ ಇಲ್ಲ. ನನ್ನದೇನಿದ್ದರೂ ಜೋಡುನಳಿಗೆ ಕೋವಿ ಮತ್ತು ತೆಂಗಿನಕಾಯಿಯ ಅನುಭವ. ಆದರೂ ಒಂದು ಮಾತು ಹೇಳುತ್ತೇನೆ, ತಮ್ಮ. ಬಟ್ಟನ್ನು ಭುಜಕ್ಕೆ ಹಗುರವಾಗಿ ತಾಗಿಸಿ ಹಿಡಿಯುವವರಿಗೇ ಪೆಟ್ಟು ಜಾಸ್ತಿ, ಏಕೆಂದರೆ ನಡುವೆ ಉಳಿದ ಜಾಗದಲ್ಲಿ ಕೋವಿ ಓಟ ಕಿತ್ತು ಬಂದು ಹೊಡೆಯುತ್ತದೆ. ಭುಜಕ್ಕೆ ಒತ್ತಿ ಹಿಡಿದರೆ ಅದು ಹೊಡೆಯುವುದಿಲ್ಲ, ತಳ್ಳುತ್ತದೆ. ಬೆಂಚಿನಲ್ಲಿ ಕುಳಿತವನ ಮೈ ಹಿಂದಕ್ಕೆ ಬಾಗಲಾರದಾದ್ದರಿಂದ ಅಲ್ಲಿ ಒದೆತ ಹೆಚ್ಚು ಅನ್ನಿಸುತ್ತದೆ. ನಿಂತು ಹೊಡೆದು ನೋಡಿ.

ಉತ್ತರ 3 (ಸಿಯಾಟಲ್‌ನಿಂದ):

ಮೊದಲ ಉತ್ತರದ ವಿವರಗಳನ್ನು ಒಪ್ಪುತ್ತೇನೆ, ಸಮಯದ ವಿಚಾರದಲ್ಲಿ ಮಾತ್ರ ನನ್ನದು ಬೇರೆ ಅಭಿಪ್ರಾಯ. ಕತ್ತರಿಸಿದ ಮರ ಮತ್ತೆ ಬೆಳೆಯುವುದಿಲ್ಲ. ಗರಗಸವನ್ನೇ ಹಿಡಿಯದವರು ಋತುವಿನ ಹೊಸ್ತಿಲಲ್ಲಿ ಆ ಸಾಹಸಕ್ಕೆ ಇಳಿಯುವ ಬದಲು, ಕಾಲುಚೀಲದಂತೆ ಬಟ್ಟಿಗೆ ಎಳೆದು ಹಾಕುವ ತೆಳು ಪ್ಯಾಡಿನಲ್ಲಿ ಈ ವರ್ಷ ಕಳೆಯಬಹುದು. ಅದೂ ಉದ್ದವನ್ನು ಹೆಚ್ಚಿಸುತ್ತದೆ ಎಂಬುದು ನಿಜ, ಆದರೆ ಬೇಡವೆನಿಸಿದರೆ ಕಿತ್ತು ತೆಗೆಯಬಹುದು.

ಇನ್ನೊಂದು ವಿಷಯ. ಪ್ಯಾಡ್ ಒದೆತದ ಶಕ್ತಿಯನ್ನು ಕುಗ್ಗಿಸುವುದಿಲ್ಲ; ಅದನ್ನು ತುಸು ಹೆಚ್ಚು ಸಮಯಕ್ಕೆ, ಹೆಚ್ಚು ಜಾಗಕ್ಕೆ ಹರಡುತ್ತದೆ ಅಷ್ಟೆ. ಶಕ್ತಿಯನ್ನೇ ಇಳಿಸುವುದು ತೂಕ. 8 ಪೌಂಡಿನ ಕೋವಿಯನ್ನು 9 ಪೌಂಡಿಗೆ ಏರಿಸಿದರೆ ಅದೇ ತೋಟೆಯ ಒದೆತ ಸುಮಾರು ಒಂಬತ್ತನೇ ಒಂದು ಪಾಲು ಇಳಿಯುತ್ತದೆ, ಹೊತ್ತು ಬೆಟ್ಟ ಹತ್ತುವವರು ನೀವು ಎಂಬುದು ಬೇರೆ ಮಾತು. ಕಣ್ಣು ಮುಚ್ಚುವ ಅಭ್ಯಾಸಕ್ಕಂತೂ ಪ್ಯಾಡ್ ಮದ್ದಲ್ಲ. ಸ್ನೇಹಿತರೊಬ್ಬರು ನಿಮಗೆ ಕಾಣದಂತೆ ಒಮ್ಮೆ ನಿಜವಾದ ತೋಟೆಯನ್ನೂ ಒಮ್ಮೆ ನಕಲಿ ತೋಟೆಯನ್ನೂ ತುಂಬಿಕೊಡಲಿ. ನಕಲಿಯ ಸರದಿಯಲ್ಲಿ ನಳಿಗೆಯ ತುದಿ ಎಷ್ಟು ಕುಣಿಯುತ್ತದೆ ಎಂಬುದನ್ನು ನೀವೇ ನೋಡಬಹುದು.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ:

ಎಲ್ಲರಿಗೂ ಧನ್ಯವಾದಗಳು. ಸಿಯಾಟಲ್‌ನವರ ಎಚ್ಚರಿಕೆಯನ್ನು ಓದಿಯೂ, ಮೇಜು ಕುರ್ಚಿ ಮಾಡುವ ಪಕ್ಕದ ಮನೆಯವರ ನೆರವು ಸಿಕ್ಕಿದ್ದರಿಂದ ಕತ್ತರಿಸಿಯೇ ಬಿಟ್ಟೆವು. ಜಾಕೆಟ್ ತೊಟ್ಟು ಅಳೆದಾಗ ನನಗೆ ಹೊಂದಿದ್ದು 13.25 ಇಂಚೇ. ಪ್ಯಾಡಿನ ಎಡಬದಿಯಲ್ಲಿ ಒಂದೆಡೆ ಗೆರೆ ದಾಟಿ ಉಜ್ಜಿದ್ದರಿಂದ ಮರದ ಅಂಚು ಉಗುರಿಗೆ ತಾಗುತ್ತದೆ. ಅದು ಹಾಗೇ ಇರಲಿ ಎಂದು ಬಿಟ್ಟೆ.

ಯಾರೂ ಹೇಳದ ಒಂದು ಸಂಗತಿ ರೇಂಜಿನಲ್ಲಿ ತಿಳಿಯಿತು. ಸ್ಟಾಕ್ ಗಿಡ್ಡವಾದಾಗ ಕಣ್ಣು ಸ್ಕೋಪಿಗೆ (ಗುರಿ ನೋಡುವ ದೂರದರ್ಶಕ) ಹತ್ತಿರವಾಗುತ್ತದೆ, ಮತ್ತು ಒದೆತಕ್ಕೆ ಅದರ ಅಂಚು ಹುಬ್ಬಿನ ಹತ್ತಿರಕ್ಕೇ ಬರುತ್ತದೆ. ಹಾಗಾಗಿ ಸ್ಕೋಪನ್ನು ಅದನ್ನು ಹಿಡಿದಿಡುವ ಉಂಗುರಗಳಲ್ಲಿ ಅರ್ಧ ಇಂಚು ಮುಂದಕ್ಕೆ ಸರಿಸಿ, 100 ಗಜದಲ್ಲಿ ಮತ್ತೆ ಗುರಿ ಹೊಂದಿಸಬೇಕಾಯಿತು. ಅದಕ್ಕೆ ಒಂಬತ್ತು ತೋಟೆ ಹಿಡಿಯಿತು. ಭುಜದಲ್ಲಿ ಈ ಬಾರಿ ಬರೀ ಕೆಂಪು ಉಳಿದಿದೆ, ನಕಲಿ ತೋಟೆಗೆ ನಳಿಗೆ ಈಗಲೂ ಐದರಲ್ಲಿ ಒಂದು ಸಲ ಕುಣಿಯುತ್ತದೆ.